ಹದಿಮೂರನೆಯ ತಟ್ಟು

ಮಳೆ ಬಿದ್ದ ಮರುದಿನ ಸೈನೈಡ್ ದಿಬ್ಬದಲ್ಲಿ
ಯಾರೂ ಜಾರಬಾರದೆಂದು
ಸವರಿಮುತ್ತು ಮಾಮ ಕೋಲು ಹಿಡಿದು ನಿಲ್ಲುತ್ತಿದ್ದ.
ನಮಗೆಲ್ಲ ಅವನ ಮೇಲೆ ಸಿಟ್ಟು.
ಚಾಂಪಿಯನ್ ರೀಫಿನ ಮಕ್ಕಳಿಗೆ ಇದ್ದದ್ದೇ ಅದೊಂದು ಆಟ:
ಎಣ್ಣೆ ಡಬ್ಬದ ತಗಡು ಬಿಚ್ಚಿ, ಮೇಲೆ ಕುಕ್ಕರಿಸಿ,
ಬೂದಿಬಣ್ಣದ ಇಳಿಜಾರಲ್ಲಿ
ಚಡ್ಡಿ ಹರಿಯುವ ತನಕ.

ಒಂದು ಸಂಜೆ ನನ್ನ ತಮ್ಮ ಸಗಾಯ ಸಿಕ್ಕಿಬಿದ್ದ.
ಮಾಮ ಬೈಯಲಿಲ್ಲ. ಸಲಿಕೆ ತಂದು
ದಿಬ್ಬದ ಪಕ್ಕೆಯನ್ನು ಎದೆಮಟ್ಟಕ್ಕೆ ನೆಟ್ಟಗೆ ಕತ್ತರಿಸಿದ,
ಮೈಸೂರುಪಾಕು ಕತ್ತರಿಸಿದ ಹಾಗೆ.
'ಇದು ನಿಮ್ಮ ತಾತ ಗಣಿಗಿಳಿಯುತ್ತಿದ್ದ ಕಾಲದ ಪುಡಿ.
ಇದು ಅಪ್ಪನ ಕಾಲದ್ದು.
ಮಧ್ಯೆ ಬೆರಳಗಲದ ಗೆರೆ ಇದೆಯಲ್ಲ, ಮುಟ್ಟು.'
ಅವನಿಗಿಂತ ಮೊದಲು ನಾನು ಮುಟ್ಟಿದೆ.
ಹುರಿದ ರವೆಯ ಹಾಗೆ, ಸೋರಿತು.
'ಮೇಲಿನದೂ ಗಟ್ಟಿ, ಕೆಳಗಿನದೂ ಗಟ್ಟಿ.
ನಡುವೆ ಇವನು ಮಾತ್ರ
ಯಾರ ಕೈಯನ್ನೂ ಹಿಡಿದಿಲ್ಲ.'

ಅವನ ಮನೆಯ ಶೋಕೇಸಿನಲ್ಲಿ, ವೇಲಾಂಕಣ್ಣಿ ಮಾತೆಯ ಪಕ್ಕ
ಒಂದು ಫೋಟೋ.
ಲಡಾಖಿನ ಬಿಳಿ ಇಳಿಜಾರು, ಐದು ಜನ, ಬರೀ ಹಲ್ಲು.
ಕಾಲಡಿಯಲ್ಲಿ ಏನೋ ಗರಿಗರಿಯಾಗಿ ಹೊಳೆಯುತ್ತದೆ.

'ಮೂರು ರಾತ್ರಿ ಮೋಡವೇ ಇರಲಿಲ್ಲ ಮಾ.
ಬೆಳಿಗ್ಗೆ ಎದ್ದರೆ ಹಿಮಕ್ಕೆ ಗರಿ ಮೂಡಿತ್ತು,
ಹೆಬ್ಬೆರಳ ಉಗುರಿನಷ್ಟು ಉದ್ದ.
ನಡೆದರೆ ಗಾಜಿನ ಬಳೆ ಒಡೆದ ಸದ್ದು.
ಪಾವಗಡದ ಓಬಳೇಶ, ಹುಟ್ಟಿದಾಗಿಂದ ಬಿಸಿಲು ಬಿಟ್ಟು ಏನೂ ನೋಡದವನು,
ಒಂದು ಗರಿಯನ್ನು ನಾಲಿಗೆಗಿಟ್ಟು ಕಲ್ಲುಸಕ್ಕರೆ ಎಂದ.
ಅಷ್ಟು ಚೆಂದ ಇತ್ತಲ್ಲ, ಫೋಟೋ ತೆಗೆಸಿಕೊಂಡೆವು.
ಐದನೇ ದಿನ ಹೊಸ ಹಿಮ ಸುರಿದು ಎಲ್ಲ ಮುಚ್ಚಿತು.
ಗರಿ ಮುರಿಯಲಿಲ್ಲ.
ಒಳಗೆ ಹಾಗೇ ನಿಂತಿತ್ತು.'

ಹಿಮದಲ್ಲಿ ಒಂದು ಕಂಬ ಕಡಿದು
ತಲೆಯ ಮೇಲೆ ಸಲಿಕೆಯಿಟ್ಟು ತಟ್ಟಬೇಕಂತೆ.
ಹತ್ತು ಸಲ ಮಣಿಕಟ್ಟಿನಿಂದ,
ಹತ್ತು ಮೊಣಕೈಯಿಂದ,
ಹತ್ತು ಹೆಗಲಿನಿಂದ.
ಕಲಿಸಲು ಬಂದವರಿಗೆ ಮಾಮ ಹೇಳಿದನಂತೆ: ಇದು ನಮ್ಮ ಮನೆಯ ವಿದ್ಯೆ.
ಅವನಪ್ಪ ಗಣಿಯ ಚಾವಣಿಗೆ ಸರಳಿನಿಂದ ಬಡಿದು ಕಿವಿಗೊಡುತ್ತಿದ್ದ.
ಟಣ್ ಎಂದರೆ ಕೆಲಸ. ಡಬ್ ಎಂದರೆ ಓಟ.
ಲೈನ್‌ಮನೆಯ ಹೆಂಗಸರಿಗೂ ಗೊತ್ತಿತ್ತು,
ನೆಲದಡಿ ಬಂಡೆ ಸಿಡಿದರೆ
ಮೊದಲು ಅಲುಗುವುದು ಗೋಡೆಯ ತಟ್ಟೆ ಸ್ಟ್ಯಾಂಡು,
ಆಮೇಲೆ ಸೈರನ್ನು.

'ಹದಿಮೂರಕ್ಕೆ ಜಾರಿತು.
ಮೇಜಿನ ಡ್ರಾಯರ್ ಎಳೆದಷ್ಟು ನುಣ್ಣಗೆ.
ಮೇಲಿನ ಪೋಸ್ಟಿನಲ್ಲಿ ಸೀಮೆಎಣ್ಣೆ ಮುಗಿದಿತ್ತು,
ಆರು ಜನ ಇದ್ದರು ಅಲ್ಲಿ.
ಎಷ್ಟಕ್ಕೆ, ಎಂದು ಸಾಹೇಬರು ಕೇಳಿದರು.'
ಮಾಮ ಸಲಿಕೆಗಂಟಿದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.
ಮತ್ತೆ ಒರೆಸಿದ.
'ಇಪ್ಪತ್ತಮೂರು ಅಂದೆ.'

ದೊಡ್ಡ ಸದ್ದೇನೂ ಬರಲಿಲ್ಲವಂತೆ.
ಹತ್ತಿ ಹಾಸಿಗೆಯ ಮೇಲೆ ದಪ್ಪ ಮನುಷ್ಯ ಕೂತ ಹಾಗೆ,
ಧುಫ್.
ಆಮೇಲೆ ಬೆಟ್ಟದ ಮೈ ಅಷ್ಟೂ ಎದ್ದು ನಡೆಯಿತು.
ಓಬಳೇಶನ ಒಂದು ಕೈಗವಸು ಸಂಜೆಯೇ ಸಿಕ್ಕಿತು.
ಸಗಾಯ ಕೇಳಿದ, ಉಳಿದದ್ದು?
ನಾನು ಅವನ ತೊಡೆ ಚಿವುಟಿದೆ.

ಕಳೆದ ಅಕ್ಟೋಬರಿನಲ್ಲಿ ಎಂಟು ದಿನ ಮಳೆ.
ಬೆಳಗಿನ ಜಾವ ದಿಬ್ಬದ ಪಡುವಣ ಪಕ್ಕೆ ಕುಸಿದು
ಮೋರಿ ತುಂಬಿತು. ಯಾರಿಗೂ ಏನೂ ಆಗಲಿಲ್ಲ.
ಮಾರಿಕುಪ್ಪದ ತನಕದ ಜನ ಬಂದು ನೋಡಿದರು, ವಿಡಿಯೊ ಮಾಡಿಕೊಂಡರು.
ಮಾಮ ಬರಲಿಲ್ಲ.
ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಸಿಕ್ಕವನು
ನನ್ನ ಮುಖ ನೋಡದೆ ಕೇಳಿದ:
'ಯಾವ ಗೆರೆಯಲ್ಲಿ ಜಾರಿತು ಮಾ?'

ನಾನು ಬೆಳಿಗ್ಗೆಯೇ ಹೋಗಿ ಬಂದಿದ್ದೆ.
ಹಸಿ ಗಾಯದ ಅಂಚಿನಲ್ಲಿ ಬೆರಳು ಇಟ್ಟಿದ್ದೆ.
ರವೆ ಇನ್ನೂ ಉಗುರಿನ ಸಂದಿಯಲ್ಲಿತ್ತು.

'ಗೊತ್ತಾಗಲಿಲ್ಲ ಮಾಮ, ಎಲ್ಲ ಕಲಸಿಹೋಗಿತ್ತು' ಎಂದೆ.

ಅವನು ತಲೆಯಾಡಿಸಿದ.
ಅವನ ಬೆರಳು ಕಡಪಾ ಕಲ್ಲಿನ ಮೇಜನ್ನು
ಮೆಲ್ಲಗೆ ತಟ್ಟುತ್ತಿತ್ತು.
ಎಣಿಸಬಾರದೆಂದು ನಾನು
ಎರಡು ಟೀ ಹೇಳಿದೆ, ಬೇಕಿರುವುದಕ್ಕಿಂತ ಜೋರಾಗಿ.